ಹತ್ತು ದಿನ ರಜೆ ಇದೆ, ಮೊದಲು ಯಾವ ಕೆಲಸ?

ಮೇ ಕೊನೆಗೆ ಹತ್ತು ದಿನ ರಜೆ, ತೀರ್ಥಹಳ್ಳಿ ಹತ್ರದ ಮನೆಗೆ ಗಿಲಾವು ಆಗಿ ಎರಡು ವಾರ, ಪೇಂಟಿಂದ ಶುರು ಮಾಡ್ಲಾ ಅಂತ ಕೇಳಿದ್ದೀರಿ. ಬೇಡ. ಸಿಮೆಂಟ್ ಗಿಲಾವು ಒಣಗೋಕೆ 28 ದಿನವಾದರೂ ಬಿಡಬೇಕು, ಈಗ ಬಳಿದರೆ ಮಳೆಗಾಲದಲ್ಲಿ ಗುಳ್ಳೆ ಎದ್ದು ಪದರ ಪದರವಾಗಿ ಉದುರುತ್ತೆ. ನಾನು ಹಾಗೇ ಮಾಡಿ ಎರಡು ಸಲ ದುಡ್ಡು ಸುರಿದಿದ್ದೇನೆ. ದೀಪಾವಳಿ ಕಳೆದ ಮೇಲೆ ಬಳಿಯಿರಿ.

ಮೊದಲು ಮಾಡು, ಅಂದ್ರೆ ಹಂಚಿನ ಸೂರು ನೋಡಿ. ಮಟಮಟ ಮಧ್ಯಾಹ್ನ ಒಳಗೆ ನಿಂತು ನೋಡಿದರೆ ಒಡೆದ ಹಂಚು ಇರುವ ಕಡೆ ನೆಲದ ಮೇಲೆ ಬಿಸಿಲಿನ ಚುಕ್ಕೆ ಬಿದ್ದಿರುತ್ತೆ, ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಮಾಡು ಸೇರುವ ಮೂಲೆಯನ್ನಂತೂ ಬಿಡಬೇಡಿ, ಸೋರೋದು ಜಾಸ್ತಿ ಅಲ್ಲೇ.

ಆಮೇಲೆ ಮರದ ಕೆಲಸ. ಪಕಾಸಿ (ಹಂಚು ಹೊರುವ ಇಳಿಜಾರು ಮರ) ಗೋಡೆಯೊಳಗೆ ಹೋಗುವ ತುದಿಗೆ, ಬಾಗಿಲ ಚೌಕಟ್ಟಿನ ಬುಡಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ, ಒರಲೆ (ಗೆದ್ದಲು) ಸುಲಭಕ್ಕೆ ಹತ್ತಲ್ಲ. ಕೈಗವಸು ಹಾಕ್ಕೊಳ್ಳಿ, ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತೆ. ವಾಸನೆ ನಾಲ್ಕು ದಿನ ಸಹಿಸ್ಕೊಬೇಕು, ಮನೆಯವರ ಬೈಗುಳ ಬೇರೆ.

ಬಾಗಿಲು ಈಗ ಬಿಗಿಯಾಗಿ ಕೂರಿಸಬೇಡಿ. ಜುಲೈಯಲ್ಲಿ ಮರ ಉಬ್ಬಿದರೆ ತೆಗೆಯೋಕೇ ಬರಲ್ಲ, ಒಂದು ನಾಣ್ಯ ತೂರುವಷ್ಟು ಸಂದಿ ಇರಲಿ. ದಿನ ಉಳಿದರೆ ಮಳೆ ಬಡಿಯುವ ಪಡುವಣ ಗೋಡೆಗೆ ಅಡಿಕೆ ಸೋಗೆ ತಟ್ಟಿ ಕಟ್ಟಿಸಿ. ಗಾರೆ ನೆಲ, ಕಪಾಟು ಎಲ್ಲ ಮುಂದಿನ ರಜೆಗೆ. ಮಾಡಿನ ಫೋಟೋ ಇದ್ರೆ ಹಾಕಿ, ನೋಡೋಣ.