‘ಭರ್ತಿ’ ಎಂದ ಹುಡುಗ

ಶಿಕ್ಷಕರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುವುದು ನಿದ್ದೆ ಬರುತ್ತಿಲ್ಲ, ಸಿಟ್ಟು ಜಾಸ್ತಿಯಾಗಿದೆ, ವರ್ಗಾವಣೆ ಸಿಗುತ್ತಿಲ್ಲ ಎಂದು. ಎರಡು ಮೂರು ಭೇಟಿ ಕಳೆದ ಮೇಲೆ ಒಳಗಿನ ಮಾತು ಹೊರಬೀಳುತ್ತದೆ: ‘ನಾನು ಯಾಕೆ ಕಲಿಸುತ್ತಿದ್ದೇನೆ ಅಂತಲೇ ಗೊತ್ತಾಗುತ್ತಿಲ್ಲ.’ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಹಾವೇರಿ ಕಡೆಯವರು. ನೌಕರಿ ಸಿಕ್ಕಿದ್ದು ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿ ದಂಡೆಯ ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳ ಮನೆಮಾತು ಹೆಚ್ಚಾಗಿ ಕೊಂಕಣಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುತ್ತಿದ್ದರು. ತರಬೇತಿಯೊಂದಕ್ಕೆ ‘ನನ್ನ ಶೈಕ್ಷಣಿಕ ದೃಷ್ಟಿಕೋನ’ ಎಂಬ ಬರಹ ಕೊಡಬೇಕಿತ್ತು. ಬರೆದಿದ್ದ ಎರಡು ಪುಟ ನನ್ನ ಮುಂದಿಟ್ಟರು. ಸರ್ವಾಂಗೀಣ ಅಭಿವೃದ್ಧಿ, ಮೌಲ್ಯಾಧಾರಿತ ಶಿಕ್ಷಣ, ನಾಳಿನ ಪ್ರಜೆಗಳು ಎಲ್ಲ ಇತ್ತು. ‘ಮೇಡಂ, ಇದರಾಗ ನಾನ ಇಲ್ಲ ನೋಡ್ರಿ’ ಎಂದು ಅತ್ತರು. ನೌಕರಿ ಬಿಟ್ಟು ಬೇರೆ ಪರೀಕ್ಷೆಗೆ ಓದುವ ಯೋಚನೆಯೂ ಇತ್ತು.

ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟು ಕೇಳಿದೆ: ‘ಶಾಲೆ ಬಿಟ್ಟು ಮನೆಗೆ ಹೋದ ಮೇಲೂ ನಿಮ್ಮನ್ನು ಚುಚ್ಚಿದ ದಿನ ಯಾವುದಾದರೂ ಇದೆಯಾ?’

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇದು.

ಪರಿಸರ ಅಧ್ಯಯನದ ಪಾಠ. ನದಿ ಬೆಟ್ಟದಲ್ಲಿ ಹುಟ್ಟಿ ಇಳಿದು ಸಮುದ್ರ ಸೇರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆಯುತ್ತಿದ್ದರು. ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ ಎದ್ದು, ‘ಅಕ್ಕೋರೇ, ಭರ್ತಿ...’ ಎಂದು ಕೈಯನ್ನು ಬಾಣಕ್ಕೆ ಎದುರು ದಿಕ್ಕಿಗೆ ಬೀಸಿ ಕೊಂಕಣಿಯಲ್ಲಿ ಏನೋ ಹೇಳತೊಡಗಿದ. ಇವರ ಕಿವಿಗೆ ಭರ್ತಿ ಎಂದರೆ ತುಂಬುವುದು. ಅರ್ಜಿ ಭರ್ತಿ, ಚೀಲ ಭರ್ತಿ. ‘ಕನ್ನಡದಾಗ ಹೇಳು, ಇಲ್ಲಾಂದ್ರ ಕೂಡು’ ಎಂದರು. ಅವನು ಕೂತ. ಮುಂದೆ ಎದ್ದು ನಿಲ್ಲಲೇ ಇಲ್ಲ.

ಕೆಲವು ವಾರ ಕಳೆದು, ಬಿಸಿಯೂಟದ ಅಡುಗೆಯಮ್ಮ ‘ಈಗ ಭರ್ತಿ, ತಿಸ್ರೆ (ಚಿಪ್ಪುಮೀನು) ತೆಗೆಯಲು ಸಂಜೆವರೆಗೆ ಕಾಯಬೇಕು’ ಎಂದು ಗೊಣಗಿದಾಗ ಇವರಿಗೆ ಅರ್ಥವಾಯಿತು. ಭರ್ತಿ ಎಂದರೆ ಉಬ್ಬರ. ದಿನಕ್ಕೆ 2 ಸಲ ಸಮುದ್ರ ಏರಿ, ಆ ಊರಿನಲ್ಲಿ ಕಾಳಿ ಹಿಂದಕ್ಕೆ ಹರಿಯುತ್ತದೆ. ಜೊಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಬಂದ ನದಿಯ ಬಗ್ಗೆ ಪುಸ್ತಕದಲ್ಲಿಲ್ಲದ ಸಂಗತಿಯನ್ನು ಆ ಹುಡುಗ ಹೇಳಲು ಎದ್ದಿದ್ದ. ವರದಾ ನದಿ ನೋಡಿ ಬೆಳೆದವರಿಗೆ ನೀರು ಹಿಂದಕ್ಕೆ ಹರಿಯಬಹುದು ಎಂದು ಹೊಳೆಯುವುದಾದರೂ ಹೇಗೆ?

‘ಅಂವ ಪಾಠ ಹೇಳಾಕ ನಿಂತಿದ್ದಾ ಮೇಡಂ. ನಾನು ಕೂಡು ಅಂದೆ.’

ಇಲ್ಲಿಂದಲೇ ಬರೆಯಿರಿ ಎಂದೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾತು ಅವರಿಗೆ ಬಾಯಿಪಾಠವಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದರು. ಅದು ಕೊಂಕಣಿಯಲ್ಲಿ ಎದುರಿಗೆ ಎದ್ದು ನಿಂತಾಗ ಮಾತ್ರ ಗುರುತು ಸಿಗಲಿಲ್ಲ.

ನೊಂದು ಬಂದವಳನ್ನು ಇನ್ನಷ್ಟು ತಪ್ಪಿತಸ್ಥ ಭಾವಕ್ಕೆ ನೂಕಿದಿರಲ್ಲ ಎಂದು ಇದೇ ಕೆಲಸ ಮಾಡುವ ಗೆಳತಿ ಆಕ್ಷೇಪಿಸಿದಳು. ನಾನು ಒಪ್ಪುವುದಿಲ್ಲ. ಆ ನೋವು ಆಗಲೇ ಅವರೊಳಗಿತ್ತು, ರಾತ್ರಿ ನಿದ್ದೆಗೆಡಿಸುತ್ತಿತ್ತು. ಒಂದು ಮಗುವಿನ ವಿಷಯದಲ್ಲಿ ನಮಗೆ ನಾಚಿಕೆಯಾಯಿತು ಎಂದರೆ, ಶಾಲೆ ಹೇಗಿರಬೇಕು ಎಂಬ ಕಲ್ಪನೆ ನಮ್ಮಲ್ಲಿ ಇದ್ದೇ ಇದೆ. ಇಲ್ಲದಿದ್ದರೆ ಅದು ಚುಚ್ಚುತ್ತಲೇ ಇರಲಿಲ್ಲ. ಭೇಷ್ ಎಂದು ಬೆನ್ನು ತಟ್ಟಿ ಕಳಿಸಿದ್ದರೆ ಮುಂದಿನ ಶನಿವಾರ ಇನ್ನೆರಡು ಪುಟ ಸರ್ವಾಂಗೀಣ ಅಭಿವೃದ್ಧಿ ಬರೆದು ತರುತ್ತಿದ್ದರು. ಇದೇ ಜಿಲ್ಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆಯುವ ಮೊದಲು ಗೇಣಿ ರೈತರ ನಡುವೆ ಹೋರಾಟ ಮಾಡಿದ್ದವರು. ಯಾರ ಮಕ್ಕಳಿಗೆ ಶಾಲೆ ಬೇಕು ಎಂದು ಅವರಿಗೆ ಮುಖ ಸಮೇತ ಗೊತ್ತಿತ್ತು. ದೃಷ್ಟಿಕೋನ ಎಂಬ ದೊಡ್ಡ ಪದಕ್ಕೆ ನಾನು ಕೊಡುವ ಅರ್ಥ ಅಷ್ಟೇ: ಯಾರ ಮುಖ ಕಣ್ಣೆದುರಿಗಿದೆ?

ಕೊಟ್ಟ ಸಲಹೆ ಹೀಗಿತ್ತು. ಒಂದು ತಿಂಗಳು ಆ ಬರಹ ಮುಟ್ಟಬೇಡಿ. ದಿನಾ ಸಂಜೆ, ಇವತ್ತು ಯಾವ ಮಗುವಿನ ಮಾತು ನನಗೆ ಅರ್ಥವಾಗಲಿಲ್ಲ ಎಂದು ಒಂದು ಸಾಲು ಬರೆದಿಡಿ. ಅಡುಗೆಯಮ್ಮನ ಹತ್ತಿರ ದಿನಕ್ಕೊಂದು ಕೊಂಕಣಿ ಮಾತು ಕಲಿಯಿರಿ. ಕೊನೆಗೆ ಆ ಅಮ್ಮನಿಗೂ ತಿಳಿಯುವಂಥ ಒಂದೇ ವಾಕ್ಯ ಬರೆಯಿರಿ. ಅದಕ್ಕಾಗಿ ನೀವು ಏನನ್ನು ಬಿಡಲು ತಯಾರು ಎಂದೂ ಕೆಳಗೆ ಬರೆಯಿರಿ. ಅದನ್ನು ಹಿಡಿದುಕೊಂಡು ಮೇಲಧಿಕಾರಿಗಳ ಜೊತೆ ಜಗಳಕ್ಕೆ ಹೋಗಬೇಡಿ. ನಿಮ್ಮ 40 ನಿಮಿಷದ ಪಿರಿಯಡ್ಡಿನಲ್ಲಿ ನಡೆಸಿ ನೋಡಿ.

ಅವರು ತಂದ ವಾಕ್ಯ: ‘ಮಗು ಯಾವ ಭಾಷೆಯಲ್ಲಿ ಹೇಳಿದರೂ, ಏನು ಹೇಳಿತು ಎಂದು ತಿಳಿಯುವತನಕ ನಾನು ಮುಂದಿನ ಸಾಲಿಗೆ ಹೋಗುವುದಿಲ್ಲ.’ ಕೆಳಗೆ: ‘ಪಾಠ ಒಂದು ವಾರ ಹಿಂದೆ ಬಿದ್ದರೆ ಬೀಳಲಿ.’

ತರಬೇತಿಗೆ ಇಷ್ಟೇ ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದರು. ಇದನ್ನು ಮೊದಲು ಹಾಕಿ, ತರಬೇತಿಯವರು ಕೇಳಿದ್ದನ್ನು ಇದರ ಹಿಂದೆ ಬರೆಯಿರಿ ಎಂದೆ.

ಈಗ ತರಗತಿಯವರು ನದಿದಂಡೆಯಲ್ಲಿ ಕೋಲು ನೆಟ್ಟು ನೀರು ಏರುವ ಹೊತ್ತು ಗುರುತು ಹಾಕುತ್ತಿದ್ದಾರೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದನ್ನು ಮಕ್ಕಳೇ ಕಂಡುಕೊಂಡಿದ್ದಾರೆ. ಆ ಹುಡುಗನನ್ನು ಎಬ್ಬಿಸಿ ಕೇಳಲೇ ಎಂದರು. ಬೇಡ, ಅವನಾಗಿ ಏಳಲಿ ಎಂದೆ. ಇನ್ನೂ ಎದ್ದಿಲ್ಲ.