ಅಗ್ಗದ ಚಹಾ ಸಮುದ್ರಕ್ಕೆ ಬಿದ್ದದ್ದೇಕೆ?

ಪ್ರಶ್ನೆ: 1773ರಲ್ಲಿ ಅಮೆರಿಕದ ವಸಾಹತುಗಳಿಗೆ ಚಹಾ ಅಗ್ಗವಾಗಿತ್ತಂತೆ. ಹಾಗಿದ್ದೂ ಬೋಸ್ಟನ್ ಜನ ಅದನ್ನು ಸಮುದ್ರಕ್ಕೆ ಸುರಿದದ್ದೇಕೆ? ಹಡಗುಗಳನ್ನು ವಾಪಸ್ ಕಳಿಸಿದ್ದರೆ ಸಾಕಿತ್ತಲ್ಲ?

ಉತ್ತರ: ಅಗ್ಗವಾದದ್ದು ನಿಜ. ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪನಿಗೆ (1769ರಲ್ಲಿ ಹೈದರಾಲಿ ಮದರಾಸಿನ ಹೊಸ್ತಿಲಿಗೇ ಹೋಗಿ ಸಂಧಿಗೆ ಒಪ್ಪಿಸಿದ್ದ ಅದೇ ಕಂಪನಿ) ಇಂಗ್ಲೆಂಡಿನ ಸುಂಕ ಮನ್ನಾ ಆಯಿತು, ತನ್ನದೇ ಏಜೆಂಟರ ಮೂಲಕ ಮಾರುವ ಅವಕಾಶವೂ ಸಿಕ್ಕಿತು. ಆದರೆ ಅಮೆರಿಕದಲ್ಲಿ ಪೌಂಡಿಗೆ 3 ಪೆನ್ಸ್ ತೆರಿಗೆ ಹಾಗೇ ಉಳಿಯಿತು. ವಸಾಹತುಗಳ ಪ್ರತಿನಿಧಿಯೇ ಇಲ್ಲದ ಬ್ರಿಟಿಷ್ ಸಂಸತ್ತಿನ ತೆರಿಗೆ ಅದು. ಕೊಟ್ಟರೆ ಅದರ ಹಕ್ಕನ್ನು ಒಪ್ಪಿಕೊಂಡಂತೆ. ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದ ವರ್ತಕರ ಹೊಟ್ಟೆಗೂ ಹೊಡೆತ ಬಿತ್ತೆನ್ನಿ.

ವಾಪಸ್ ಕಳಿಸಿ ಎಂಬುದೇ ಮೊದಲ ಬೇಡಿಕೆ. ಫಿಲಡೆಲ್ಫಿಯಾದಲ್ಲಿ ಹಡಗು ಕಸ್ಟಮ್ಸ್ ದಾಖಲೆಗೆ ಸೇರುವ ಮೊದಲೇ ತಿರುಗಿಸಿದರು. ಬೋಸ್ಟನ್‌ನಲ್ಲಿ ಹಡಗು ಒಳಗೆ ಬಂದಾಗಿತ್ತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಮೊದಲ ಹಡಗು ಡಾರ್ಟ್‌ಮತ್ ಬಂದದ್ದು ನವೆಂಬರ್ 28ಕ್ಕೆ. ಸುಂಕ ಕಟ್ಟದೆ ಹೊರಡಲು ಗವರ್ನರ್ ಹಚಿನ್ಸನ್ ರಹದಾರಿ ಕೊಡಲಿಲ್ಲ. ಅವರ ಇಬ್ಬರು ಗಂಡುಮಕ್ಕಳೇ ಚಹಾದ ಏಜೆಂಟರು!

ಗಡುವಿನ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಮೂರು ಹಡಗುಗಳ ಸುಮಾರು 340 ಪೆಟ್ಟಿಗೆ ಒಡೆದು 42 ಟನ್‌ನಷ್ಟು ಚೀನಾ ಚಹಾ ಸುರಿದರು. ಆಗ ಇಳಿತ; ನೀರು ಕಡಿಮೆಯಾಗಿ ಸೊಪ್ಪು ಹಡಗಿನ ಪಕ್ಕದಲ್ಲೇ ಗುಡ್ಡೆಬಿತ್ತು. ಯಾರೂ ಬಾಚಿಕೊಂಡು ಹೋಗದಂತೆ ಮರುದಿನ ಬೆಳಿಗ್ಗೆ ದೋಣಿಗಳಲ್ಲಿ ಹೋಗಿ, ತೇಲುತ್ತಿದ್ದ ಚಹಾವನ್ನು ಹುಟ್ಟಿನಿಂದ ಬಡಿದು ಮುಳುಗಿಸಿದರು.

1774ರ ಜೂನ್ 1ರಿಂದ ಲಂಡನ್ ಬೋಸ್ಟನ್ ಬಂದರನ್ನೇ ಮುಚ್ಚಿಸಿತು. ಇದಕ್ಕೆ ಉತ್ತರವಾಗಿ ಸೆಪ್ಟೆಂಬರ್‌ನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ಜಾರ್ಜಿಯಾ ಮಾತ್ರ ಬರಲಿಲ್ಲ.