ಹೆಗಲು ನೋವಿಗೂ ಹೊಟ್ಟೆ ನೋಡುವ ಸ್ಕ್ಯಾನಿಂಗ್ ಏಕೆ?

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಅಡಿಕೆ ಕೊಯ್ಲು ಮುಗಿದಾಗಿನಿಂದ ಬಲ ಹೆಗಲು ನೋವು. ಅಟ್ಟದ ಮೇಲಿನ ಪಾತ್ರೆ ಇಳಿಸಲಾಗುವುದಿಲ್ಲ, ಆ ಮಗ್ಗುಲಿಗೆ ಮಲಗಿದರೆ ನಿದ್ದೆಯಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಈಗ ವೈದ್ಯರು ಅಲ್ಟ್ರಾಸೌಂಡ್ ಬರೆದುಕೊಟ್ಟಿದ್ದಾರೆ. ಅದು ಬಸುರಿಯರಿಗಲ್ಲವೇ? ಮಗ ನೇರವಾಗಿ ಎಂಆರ್‌ಐ ಮಾಡಿಸೋಣ ಎನ್ನುತ್ತಾನೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ವೈದ್ಯರು ಸರಿಯಾದುದನ್ನೇ ಬರೆದಿದ್ದಾರೆ, ತಾಯಿ. ಎಕ್ಸ್‌ರೇ ಮುಖ್ಯವಾಗಿ ಮೂಳೆ ತೋರಿಸುತ್ತದೆ. ನೀವು ಹೇಳುವಂಥ ನೋವು ಹೆಚ್ಚಾಗಿ ತೋಳನ್ನು ಮೇಲೆತ್ತುವ ಸ್ನಾಯುರಜ್ಜುವಿನದು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಇಲ್ಲವೇ ಅದರ ಮೇಲಿನ ದ್ರವದ ತೆಳುಚೀಲದ್ದು. ಎರಡೂ ಚರ್ಮದಿಂದ ಹೆಚ್ಚು ಆಳದಲ್ಲಿಲ್ಲ. ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ (ಚರ್ಮದ ಮೇಲಿಟ್ಟು ನೋಡುವ ಸಾಧನ) ಬದಲು ಚಪ್ಪಟೆ ತುದಿಯದನ್ನು ಇಟ್ಟರೆ ರಜ್ಜು ಬಿಳಿ ಎಳೆಎಳೆಯಾಗಿ ಕಾಣುತ್ತದೆ.

ನಾನು ಹೆಗಲು ನೋಡುವಾಗ ಅಂಗೈಯನ್ನು ಸೊಂಟದ ಹಿಂದಕ್ಕೆ ಒತ್ತಿ ಮೊಣಕೈಯನ್ನು ಹಿಂದೆ ಚಾಚಲು ಹೇಳುತ್ತೇನೆ. ಹೆಗಲ ತುದಿಯ ಮೂಳೆಯ ಅಡಿಯಲ್ಲಿ ಅಡಗಿರುವ ರಜ್ಜು ಆಗ ಮುಂದಕ್ಕೆ ಬರುತ್ತದೆ. ಆಮೇಲೆ ತೋಳನ್ನು ಪಕ್ಕಕ್ಕೆ ನಿಧಾನವಾಗಿ ಎತ್ತಿಸಿ, ರಜ್ಜು ಮೂಳೆಯಡಿ ಸಲೀಸಾಗಿ ಜಾರುತ್ತದೆಯೇ, ಚೀಲ ಅಲ್ಲಿ ಮುದುಡಿ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಅಲುಗಾಡದೆ ಮಲಗಬೇಕಾದ ಎಂಆರ್‌ಐಯಲ್ಲಿ ಇದು ಸಿಗುವುದಿಲ್ಲ. ಮೂಳೆಯ ಒಳಗನ್ನು, ಕೀಲಿನ ಆಳವನ್ನು ನೋಡಬೇಕಾದರೆ ಮಾತ್ರ ಮಗನ ಮಾತು ಸರಿ.

ಆದರೆ ಈ ಪರೀಕ್ಷೆ ಮಾಡುವವರ ಕೈಯನ್ನು ನೆಚ್ಚಿಕೊಂಡಿದೆ. ಪ್ರೋಬ್ ತುಸು ವಾಲಿದರೂ ಆರೋಗ್ಯವಾಗಿರುವ ರಜ್ಜು ಕಪ್ಪಾಗಿ, ಹರಿದಂತೆ ಕಾಣುತ್ತದೆ. ಪ್ರೋಬ್ ಓರೆ ಸರಿಪಡಿಸಿದಾಗ ಕಪ್ಪು ಮಾಯವಾದರೆ ಅದು ಹರಿದದ್ದಲ್ಲ. ಹಾಗಾಗಿ ಕೀಲು, ಸ್ನಾಯುಗಳ ಸ್ಕ್ಯಾನ್ ದಿನನಿತ್ಯ ಮಾಡುವವರು ಯಾರೆಂದು ನಿಮ್ಮ ವೈದ್ಯರನ್ನೇ ಕೇಳಿ. (ಅವರ ಕೊಠಡಿಯಲ್ಲೇ ಯಂತ್ರ ಏಕಿಲ್ಲ ಎನ್ನುವಿರಾ? ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ, ಹೆಗಲು ಮಾತ್ರ ನೋಡುವವರೂ ಯಂತ್ರವಿಡಲು ನೋಂದಣಿ ಮಾಡಿಸಬೇಕು. ಆ ಕಾಗದಪತ್ರದ ಗೋಜಿಗೆ ಹಲವರು ಹೋಗುವುದಿಲ್ಲ.)

ವರದಿಯಲ್ಲಿ 'ಭಾಗಶಃ ಹರಿದಿದೆ' ಎಂದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ ಎಂದು ಹೆದರಬೇಡಿ. ನಿಮ್ಮ ವಯಸ್ಸಿನಲ್ಲಿ ನೋವೇ ಇಲ್ಲದವರ ಹೆಗಲಲ್ಲೂ ಇಂಥವು ಕಾಣಸಿಗುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಬಿಗಿದುಕೊಳ್ಳುವುದೂ ಹೆಚ್ಚು. ಬೇರೆಯವರು ಹಿಡಿದು ಹೊರಕ್ಕೆ ತಿರುಗಿಸಿದರೂ ತೋಳು ತಿರುಗದಿದ್ದರೆ ಆ ಅನುಮಾನ ಬರಬೇಕು. ಅದನ್ನು ಮೊದಲು ಹಿಡಿಯುವುದು ವೈದ್ಯರ ಕೈಯೇ ಹೊರತು ಯಂತ್ರವಲ್ಲ.

ಚೀಲದಲ್ಲಿ ಉರಿಯೂತವಿದ್ದರೆ ಇದೇ ಯಂತ್ರದಲ್ಲಿ ಸೂಜಿಯ ತುದಿ ನೋಡಿಕೊಂಡೇ ಚುಚ್ಚುಮದ್ದು ಕೊಡಬಹುದು. ಅದು ಸ್ಟೀರಾಯ್ಡ್ ಆಗಿದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ. ನಿಮ್ಮ ಮಾತ್ರೆ, ಇನ್ಸುಲಿನ್ ವಿಷಯ ಮೊದಲೇ ತಿಳಿಸಿ. ಸ್ಕ್ಯಾನಿಂಗ್‌ಗೆ ಹೊಟ್ಟೆ ಖಾಲಿ ಇರಬೇಕಿಲ್ಲ, ನೀರು ಕುಡಿದು ಕಾಯಬೇಕಿಲ್ಲ. ಹೆಗಲು ಸುಲಭವಾಗಿ ತೆರೆಯುವ ಸಡಿಲ ರವಿಕೆ ತೊಡಿ, ಎಕ್ಸ್‌ರೇ ಒಯ್ಯಿರಿ, ಹೋಲಿಸಲು ಎಡ ಹೆಗಲನ್ನೂ ನೋಡಲು ಹೇಳಿ.